ಗಟ್ಟಿಯಾದ ಎಂಜಿನ್ನು, ಅವಸರದ ಸುತ್ತಿಗೆ



ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ನಾಲ್ಕು ಹಳೆಯ ಮನೆಗಳ ಹಿತ್ತಲಿಗೆ ಹೋಗಿ ನೋಡಿ. ಕೊಟ್ಟಿಗೆಯ ಮೂಲೆಯಲ್ಲೋ ಸೌದೆ ಒಟ್ಟಿದ ಮಾಡಿನ ಕೆಳಗೋ ಹರಿದ ಟಾರ್ಪಾಲು ಹೊದ್ದುಕೊಂಡು ಒಂದು ಪವರ್ ಟಿಲ್ಲರ್ ಕೂತಿರುತ್ತದೆ. ಅಪ್ಪ ಸಾಲ ಮಾಡಿ ತಂದದ್ದು; ಗದ್ದೆ ತೋಟವಾದ ಮೇಲೆ, ಮಗ ಬೆಂಗಳೂರು ಸೇರಿದ ಮೇಲೆ ನಿಂತದ್ದು. ಅದರ ಮೇಲೆ ಕೋಳಿ ಕೂರುತ್ತದೆ, ಸೈಲೆನ್ಸರಿನಲ್ಲಿ ಕಣಜದ ಹುಳ ಗೂಡು ಕಟ್ಟುತ್ತದೆ. ಈಗ ಆ ಮಗನೋ ಮೊಮ್ಮಗನೋ ಊರಿಗೆ ಮರಳಿ ಅದನ್ನು ಮತ್ತೆ ಓಡಿಸಬೇಕೆಂದು ಹೊರಡುತ್ತಾನೆ. ಇವತ್ತಿನ ಮಾತು ಅಂಥವರಿಗಾಗಿ.

ಟಿಲ್ಲರ್ ಮಾಡುವ ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯವರ ಜೊತೆ ಸೇರಿ ಶುರುವಾದದ್ದು. ಕೇರಳದ ಅಂಗಮಾಲಿ ಹತ್ತಿರದ ಅತ್ತಾಣಿಯಲ್ಲಿ ಸರ್ಕಾರದ ಕ್ಯಾಮ್ಕೊ ಸಂಸ್ಥೆ 1973ರಲ್ಲಿ ಹುಟ್ಟಿ, ಕುಬೋಟಾ ಮಾದರಿಯ ಟಿಲ್ಲರ್ ಮಾಡಿತು. ನಮ್ಮ ಕಡೆ ಸಿಗುವ ಹಳೆಯ ಗಾಡಿಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಮೈಕಟ್ಟು: ಅಡ್ಡಕ್ಕೆ ಮಲಗಿದ ಒಂಟಿ ಸಿಲಿಂಡರು, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್ನು, 12-13 ಅಶ್ವಶಕ್ತಿ. ಸಿಲಿಂಡರು ಅಡ್ಡಕ್ಕೆ ಮಲಗಿದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಜರಿಯವನು ಬಂದರೆ ಇದನ್ನು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಾನೆ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ನು ಅಲ್ಲಾಡುವುದಿಲ್ಲ. "ಜಾಮಾಗಿದೆ ಸ್ವಾಮಿ, ಇದು ಮುಗೀತು" ಎನ್ನುತ್ತಾನೆ. ಅವನ ಮಾತು ಅವನ ವ್ಯಾಪಾರ. ಜಾಮಾದದ್ದೆಲ್ಲ ಸತ್ತದ್ದಲ್ಲ. ಇಷ್ಟು ವರ್ಷ ಇಂಥ ಗಾಡಿಗಳ ನಡುವೆಯೇ ಕಳೆದವನಾಗಿ ನನ್ನ ಅಭಿಪ್ರಾಯ ಹೇಳುವುದಾದರೆ, ತುಕ್ಕು ತಿಂದು ಹಾಳಾದ ಎಂಜಿನ್ನುಗಳಿಗಿಂತ, ಬಿಡಿಸಲು ಹೋದವರ ಮೊದಲ ಅರ್ಧ ಗಂಟೆಯಲ್ಲಿ ಹಾಳಾದವೇ ಹೆಚ್ಚು. ಉದ್ದನೆಯ ಪೈಪು, ದೊಡ್ಡ ಸುತ್ತಿಗೆ, ಹಬ್ಬಕ್ಕೆ ಬಂದ ಇಬ್ಬರು ಭಾವಂದಿರು, ಇಷ್ಟಿದ್ದರೆ ಸಾಕು.

ಮೊದಲು ತುಕ್ಕು ಹೇಗೆ ಹಿಡಿದುಕೊಳ್ಳುತ್ತದೆ ಎಂದು ನೋಡೋಣ. ಕಬ್ಬಿಣ, ನೀರು, ಗಾಳಿ ಸೇರಿ ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಸ್ಥಿತಿ ನೋಡಿಕೊಂಡು ಎರಡು ಪಟ್ಟಿನಿಂದ ಆರು ಪಟ್ಟಿನವರೆಗೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಸಂದಿಯೋ ಕಣ್ಣಿಗೆ ಕಾಣದಷ್ಟು. ಅಲ್ಲಿ ಹುಟ್ಟಿದ ತುಕ್ಕಿಗೆ ಹೋಗಲು ದಾರಿಯಿಲ್ಲ, ಎರಡೂ ಕಡೆ ಒತ್ತಿಕೊಂಡು ಕೂರುತ್ತದೆ. ನಟ್ಟು ತಿರುಗದಿರುವುದು ಅಂಟಿನಿಂದಲ್ಲ, ಈ ಒತ್ತಡದಿಂದ. ಹಾಗಾಗಿ ನಮ್ಮ ಕೆಲಸವೆಲ್ಲ ಆ ಸಂದಿಯೊಳಕ್ಕೆ ಎಣ್ಣೆ ಹೋಗುವಂತೆ ಮಾಡುವುದು, ತುಕ್ಕು ಪುಡಿಯಾಗುವಂತೆ ಮಾಡುವುದು.

ಟಿಲ್ಲರ್ ಪಾಲಿಗೆ ನೀರು, ಗಾಳಿಯ ಜೊತೆ ಇನ್ನೂ ಕೆಲವು ಶತ್ರುಗಳಿವೆ. ಕೆಸರುಗದ್ದೆಯಲ್ಲಿ ಹೂಡಿ ತೊಳೆಯದೆ ಬಿಟ್ಟರೆ ಮಣ್ಣಿನ ಜೊತೆ ಗೊಬ್ಬರದ ಉಪ್ಪು ಅಂಟಿಕೊಂಡಿರುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ, ಕರಾವಳಿಯ ಗಾಳಿಯಲ್ಲೂ ಅದೇ ಇದೆ. ತುಕ್ಕಿಗೆ ಅದು ಹಬ್ಬದೂಟ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಗಾಡಿ ನೆನೆಯಲೇಬೇಕೆಂದಿಲ್ಲ, ಮಾಡಿನ ಕೆಳಗೆ ನಿಂತಲ್ಲೇ ಬೆವರುತ್ತದೆ. ಇನ್ನು ದನದ ಕೊಟ್ಟಿಗೆ. ಗಂಜಲದಿಂದ ಏಳುವ ಅಮೋನಿಯ ತಾಮ್ರ, ಹಿತ್ತಾಳೆಯನ್ನು ಕಚ್ಚುತ್ತದೆ. ಡೀಸೆಲ್ ಪೈಪಿನ ಹಿತ್ತಾಳೆ ಕೂಡುಗಳು ಹಸಿರಾಗಿ ಬಿರುಕು ಬಿಟ್ಟಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಪಕ್ಕದಲ್ಲೇ ಮೆಲುಕು ಹಾಕುತ್ತಿರುತ್ತದೆ.

ಕೆಲಸ ಶುರು ಮಾಡುವ ದಿನ ಸ್ಪ್ಯಾನರ್ ಮುಟ್ಟಬೇಡಿ. ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ತಂತಿ ಬ್ರಷ್ ಹಿಡಿದು ನಟ್ಟಿನಾಚೆ ಹೊರಗೆ ಚಾಚಿದ ಬೋಲ್ಟಿನ ಥ್ರೆಡ್ಡನ್ನು ಬಿಳಿ ಕಾಣುವವರೆಗೆ ಉಜ್ಜಿ. ಎಲ್ಲರೂ ಬಿಡುವ ಕೆಲಸ ಇದು. ನಟ್ಟು ಹೊರಗೆ ಬರಬೇಕಾದ ದಾರಿಯೇ ಅದು. ದಾರಿಯಲ್ಲಿ ತುಕ್ಕಿನ ಗುಡ್ಡೆಯಿದ್ದರೆ ಸಡಿಲಾದ ನಟ್ಟೂ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ, ಬೋಲ್ಟು ಮುರಿಯುವುದು ಆಗಲೇ. ಜೊತೆಗೆ ಥ್ರೆಡ್ಡು ಯಾವ ಕಡೆಯದು ಎಂದೂ ನೋಡಿಕೊಳ್ಳಿ. ಸೈಕಲ್ಲಿನ ಎಡ ಪೆಡಲು ಉಲ್ಟಾ ಥ್ರೆಡ್ಡಿನದು ಎಂದು ಸೈಕಲ್ ಅಂಗಡಿಯ ಹುಡುಗನಿಗೂ ಗೊತ್ತು. ತಿರುಗುವ ಶಾಫ್ಟುಗಳ ತುದಿಯಲ್ಲಿ ಇಲ್ಲೂ ಹಾಗಿರಬಹುದು. ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿ ಮಾಡುತ್ತಾ ಹೋದರೆ ಯಾವ ಎಣ್ಣೆಯೂ ಕಾಯುವುದಿಲ್ಲ.

ಇನ್ನು ಎಣ್ಣೆ. ಅಂಗಡಿಯಲ್ಲಿ ಸಿಗುವ ನೀಲಿ-ಹಳದಿ ಡಬ್ಬಿ ಎಲ್ಲರಿಗೂ ಗೊತ್ತು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ ನೀರನ್ನು ಓಡಿಸಲೆಂದು, ರಾಕೆಟ್ಟಿನ ಮೈಗೆ ತುಕ್ಕು ಬಾರದಿರಲೆಂದು ಮಾಡಿದ ದ್ರವ ಅದು. ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿತೆಂದು ಡಬ್ಲ್ಯು.ಡಿ.-40 ಎಂದು ಹೆಸರಾಯಿತು. ಒಳ್ಳೆಯದೇ. ಆದರೆ ಹಳೆಯ ತುಕ್ಕಿನ ಸಂದಿಗೆ ಇಳಿಯಲು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಒಂದು ಮಿಶ್ರಣ ನಮ್ಮ ಮೆಕ್ಯಾನಿಕ್‌ಗಳಲ್ಲಿ ಬಳಕೆಯಲ್ಲಿದೆ: ಕಾರಿನ ಆಟೋಮ್ಯಾಟಿಕ್ ಗೇರಿನ ಎಣ್ಣೆ, ಅಂದರೆ ಎ.ಟಿ.ಎಫ್., ಅರ್ಧ, ಅಸಿಟೋನ್ ಅರ್ಧ. ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಬೇಗ ಬೆಂಕಿ ಹತ್ತುವ ವಸ್ತು, ಒಲೆಯ ಹತ್ತಿರ ಬೇಡ. ಅದು ಸಿಗದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದರೂ ನಡೆಯುತ್ತದೆ. ಬರೀ ಎಂಜಿನ್ ಆಯಿಲ್ ಬೇಡ, ದಪ್ಪ, ಒಳಗೆ ಇಳಿಯುವುದಿಲ್ಲ. ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ದಿನ ಎಂಬುದೇ ಮುಖ್ಯ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹನಿಸಿ, ಹನಿಸಿದ ಮೇಲೆ ಸಣ್ಣ ಸುತ್ತಿಗೆಯಿಂದ ಬೋಲ್ಟಿನ ತಲೆಯ ಮೇಲೆ ನೇರವಾಗಿ ನಾಲ್ಕು ಸಲ ತಟ್ಟಿ. ಆ ಅದುರಿಗೆ ತುಕ್ಕು ಕೂದಲೆಳೆಯಷ್ಟು ಬಿರಿಯುತ್ತದೆ, ಎಣ್ಣೆ ಆ ಬಿರುಕು ಹಿಡಿದು ಒಳಗಿಳಿಯುತ್ತದೆ.

ನಮ್ಮ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಸಾಹೇಬರ ಶೆಡ್ಡಿನಲ್ಲಿ ನಡೆದ ಮಾತು. ಗಾಡಿಯ ಯಜಮಾನರು ಅವಸರದಲ್ಲಿದ್ದರು.

"ಸಾಬ್ರೇ, ಮಳೆ ಹಿಡೀತು. ಇವತ್ತೇ ಬಿಡಿಸಿಕೊಟ್ಟುಬಿಡಿ ಮಾರಾಯ್ರೆ."

"ಭಟ್ರೇ, ಎಣ್ಣೆ ಬಿಟ್ಟಾಗಿದೆ. ನೀವು ಮನೆಗೆ ಹೋಗಿ ಅಡಿಕೆ ನೋಡ್ಕಳಿ. ಮುಂದಿನ ಸಂತೆ ದಿನ ಬನ್ನಿ."

"ಅಲ್ಲಿವರೆಗೆ ನೀವೇನು ಮಾಡ್ತೀರಿ?"

"ನಾನು ಏನೂ ಮಾಡದೆ ಇರ್ತೀನಿ. ಅದಕ್ಕೇ ಕಾಸು ಕೊಡೋದು ನೀವು."

ಸ್ಪ್ಯಾನರ್ ಹಾಕುವಾಗ ಆರು ಮೂಲೆಯ ಸಾಕೆಟ್ ಅಥವಾ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಇರಲಿ. ಬಾಯಿ ತೆರೆದ ಸ್ಪ್ಯಾನರ್ ಎರಡೇ ಮೂಲೆ ಹಿಡಿಯುತ್ತದೆ, ಮೂಲೆ ಸವೆದರೆ ಮುಂದೆ ಎಲ್ಲವೂ ಕಷ್ಟ. ಮೊದಲು ಬಿಗಿ ಮಾಡುವ ಕಡೆಗೆ ಒಂದಿಷ್ಟು ಒತ್ತಿ ನೋಡಿ. 'ಟಕ್' ಎಂಬ ಸಣ್ಣ ಸದ್ದು ಬಂದರೆ ತುಕ್ಕು ಒಡೆಯಿತು ಎಂದರ್ಥ. ಆಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧ ಕಾಲು ಸುತ್ತು ಹಿಂದಕ್ಕೆ ಹಾಕಿ, ಮತ್ತೆ ಎಣ್ಣೆ. ಹೊಸ ಬೋಲ್ಟು ತರುವಾಗ ಒಂದು ಎಚ್ಚರಿಕೆ. ಜಪಾನಿ ಮೂಲದ ಎಂಜಿನ್ನುಗಳಲ್ಲಿ 10 ಮಿ.ಮೀ. ಬೋಲ್ಟಿನ ಥ್ರೆಡ್ಡು ಸಾಮಾನ್ಯವಾಗಿ 1.25 ಮಿ.ಮೀ. ಅಂತರದ್ದು, ಹಾರ್ಡ್‌ವೇರ್ ಅಂಗಡಿಯವರು ಕೇಳದೆ ಕೊಡುವುದು 1.5ರದ್ದು. ಅದು ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ತುಕ್ಕಿರಬೇಕೆಂದು ಜಗ್ಗಿದರೆ ಇದ್ದ ಥ್ರೆಡ್ಡೂ ಹೋಯಿತು. ಹಳೆಯ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಹಿಂದಿನ ರೋಟರಿಯ ಬ್ಲೇಡಿನ ಬೋಲ್ಟುಗಳ ಮೇಲೆ ಮಾತ್ರ ಇಷ್ಟು ಕರುಣೆ ಬೇಡ. ವರ್ಷಗಟ್ಟಲೆ ಕೆಸರಿನಲ್ಲಿ ಅರೆದು ಅವುಗಳ ತಲೆಯೇ ಉಳಿದಿರುವುದಿಲ್ಲ. ಗ್ರೈಂಡರಿನಲ್ಲಿ ಕತ್ತರಿಸಿ ಎಸೆಯಿರಿ, ಹೊಸದು ಹಾಕಿ.

ಎಣ್ಣೆಗೆ ಬಗ್ಗದಿದ್ದರೆ ಶಾಖ. ಉಕ್ಕು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 10 ಮಿ.ಮೀ. ರಂಧ್ರದ ನಟ್ಟನ್ನು 300 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ರಂಧ್ರ 0.036 ಮಿ.ಮೀ. ದೊಡ್ಡದಾಗುತ್ತದೆ. ಅಷ್ಟೇ ಸಾಕು, ತುಕ್ಕಿನ ಹಿಡಿತ ತಪ್ಪಲು. ಬೋಲ್ಟು ಬಿಟ್ಟು ನಟ್ಟನ್ನು ಮಾತ್ರ, ಬೇಗ ಕಾಯಿಸಬೇಕು. ಎರಡೂ ಸಮನಾಗಿ ಕಾದರೆ ಎರಡೂ ಹಿಗ್ಗಿ ಲಾಭವಿಲ್ಲ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಅಲ್ಯೂಮಿನಿಯಂ ಮೈಯೊಳಗೆ ಕೂತ ಉಕ್ಕಿನ ಬೋಲ್ಟಿಗೆ ಹದವಾದ ಶಾಖ ಸಾಕು. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಕರಗಿ ಬೀಳುತ್ತದೆ, ಹಾಗಾಗಿ ಉರಿ ಒಂದೇ ಕಡೆ ನಿಲ್ಲಿಸಬೇಡಿ.

ಶಾಖದ ಜೊತೆಗೆ ಮೇಣ. ಸಾಹೇಬರು ಮಾಡುವುದನ್ನು ಹತ್ತಿರ ಕೂತು ನೋಡಬೇಕು. ಸೈಲೆನ್ಸರ್ ಕೂರುವ ಸ್ಟಡ್ಡಿನ ನಟ್ಟನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ, ಉರಿ ತೆಗೆದು, ಅದರ ಬಣ್ಣ ಇಳಿಯುವುದನ್ನೇ ನೋಡುತ್ತಾ ಕೂರುತ್ತಾರೆ. ಬಳಿಕ ಜೇನುಮೇಣದ ತುಂಡನ್ನು ಥ್ರೆಡ್ಡಿನ ಬುಡಕ್ಕೆ ಮುಟ್ಟಿಸುತ್ತಾರೆ. ತೀರ ಬಿಸಿಯಿದ್ದರೆ ಮೇಣ ಭಗ್ಗೆಂದು ಹೊತ್ತಿಕೊಳ್ಳುತ್ತದೆ, ತಣ್ಣಗಿದ್ದರೆ ಮೇಲೆಯೇ ಹೆಪ್ಪುಗಟ್ಟುತ್ತದೆ. ಹದ ಸರಿಯಿದ್ದರೆ ತೆಳುವಾಗಿ ಹೊಗೆಯಾಡಿ, ಕರಗಿ, ಮುಟ್ಟಿಸಿದಷ್ಟೂ ಕಾಣೆಯಾಗುತ್ತದೆ. ಕೆಳಗಿನ ಬದಿಯಲ್ಲಿ ಒಂದು ಕಂದು ಹನಿ ಮೂಡಿತೆಂದರೆ ಥ್ರೆಡ್ಡಿನ ಉದ್ದಕ್ಕೂ ಇಳಿದಿದೆ ಎಂದು ಲೆಕ್ಕ. ಆಗ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾರೆ.

ಉರಿ ಹಿಡಿಯುವ ಮೊದಲು ಡೀಸೆಲ್ ಟ್ಯಾಂಕು ಕಳಚಿ ದೂರ ಇಡಿ, ಹಿಂದೆ ಹಾಕಿದ ಅಸಿಟೋನ್ ಒರೆಸಿ ಆರಲು ಬಿಡಿ. ಸ್ಪ್ರೇ ಡಬ್ಬಿಯಲ್ಲಿ ಬರುವ ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಇರುವ ದ್ರಾವಕವಿರುತ್ತದೆ. ಅದನ್ನು ಹಾಕಿದ ಜಾಗವನ್ನು ಕಾಯಿಸಿದರೆ ಫಾಸ್ಜೀನ್ ಎಂಬ ವಿಷಾನಿಲ ಏಳುತ್ತದೆ. ಇದು ಹೆದರಿಸಲು ಹೇಳಿದ್ದಲ್ಲ, ಜೀವದ ಪ್ರಶ್ನೆ.

ಬೋಲ್ಟು ಮುರಿದೇ ಹೋದರೆ? ತುಂಡು ಒಂದಿಷ್ಟಾದರೂ ಕಾಣುತ್ತಿದ್ದರೆ ಅದರ ಮೇಲೆ ದೊಡ್ಡ ನಟ್ಟೊಂದನ್ನಿಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಶಾಖವೇ ಅರ್ಧ ಕೆಲಸ ಮಾಡಿರುತ್ತದೆ, ಹಿಡಿಯಲು ಹೊಸ ತಲೆಯೂ ಸಿಕ್ಕಿತು. ನಡುವೆ ತೂತು ಕೊರೆದು ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರ್ಯಾಕ್ಟರ್ ತಿರುಗಿಸುವ ವಿಧಾನದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಆ ಎಕ್ಸ್‌ಟ್ರ್ಯಾಕ್ಟರ್ ಗಟ್ಟಿ ಉಕ್ಕಿನದು. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಓಡುವುದಿಲ್ಲ, ಒಂದು ಕಷ್ಟದ ಮೇಲೆ ಇನ್ನೊಂದು.

ಈಗ ಎಂಜಿನ್ನು. ಜಾಮಾಗಿದೆ ಎನ್ನುವ ಮೊದಲು ಏನು ಜಾಮಾಗಿದೆ ಎಂದು ತಿಳಿಯಬೇಕು. ವಿ-ಬೆಲ್ಟುಗಳನ್ನು ಕಳಚಿ, ಫ್ಲೈವೀಲನ್ನು ಕೈಯಲ್ಲೇ ಎರಡೂ ಕಡೆಗೆ ಅಲ್ಲಾಡಿಸಿ. ಅದು ತಿರುಗಿದರೆ ಹಿಡಿದದ್ದು ಕ್ಲಚ್ಚೋ ಗೇರೋ, ಎಂಜಿನ್ನಲ್ಲ. ಸ್ವಲ್ಪ ತಿರುಗಿ ಒಂದೇ ಜಾಗದಲ್ಲಿ ಟಕ್ಕೆಂದು ನಿಂತರೆ ತುಕ್ಕಿಗಿಂತ ಬೇರೆ ಕಾರಣವಿದೆ: ತೆರೆದಲ್ಲೇ ಸಿಕ್ಕಿಕೊಂಡ ವಾಲ್ವು, ಸಿಲಿಂಡರಿನಲ್ಲಿ ನಿಂತ ನೀರು, ಒಳಗೆ ಬಿದ್ದ ನಟ್ಟು. ಒಂದಿಷ್ಟೂ ಅಲುಗದಿದ್ದರೆ ಆಗ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಒಳಗೋಡೆಯಾದ ಲೈನರಿಗೆ ತುಕ್ಕಿನಿಂದ ಹಿಡಿದಿವೆ. ಗಾಡಿ ನಿಂತ ದಿನ ಯಾವುದೋ ವಾಲ್ವು ತೆರೆದೇ ಉಳಿದು, ಸೈಲೆನ್ಸರ್ ಮೂಲಕ ವರ್ಷಗಟ್ಟಲೆ ಮಳೆಗಾಲದ ಗಾಳಿ ಒಳಗೆ ಹೋಗಿ ಬಂದಿರುತ್ತದೆ. ಹಳಬರು ಗಾಡಿ ನಿಲ್ಲಿಸಿಡುವಾಗ ಪಿಸ್ಟನ್ನನ್ನು ಕಂಪ್ರೆಶನ್ನಿನ ತುದಿಗೆ ತಂದು, ಎರಡೂ ವಾಲ್ವು ಮುಚ್ಚಿರುವಂತೆ ನೋಡಿಕೊಂಡು ಬಿಡುತ್ತಿದ್ದುದು ಇದಕ್ಕೇ.

ಹೆಡ್ಡು ಬಿಚ್ಚಿ ಟಾರ್ಚ್ ಹಾಕಿ ನೋಡಿ. ಈಗ ಆ ಅಡ್ಡ ಸಿಲಿಂಡರಿನ ಮಾತು. ಮಲಗಿದ ಸಿಲಿಂಡರಿಗೆ ಎಣ್ಣೆ ಸುರಿದರೆ ಅದು ಕೆಳಬದಿಯಲ್ಲಿ ನಿಲ್ಲುತ್ತದೆ. ರಿಂಗಿನ ಮೇಲರ್ಧಕ್ಕೆ ಹನಿಯೂ ಮುಟ್ಟುವುದಿಲ್ಲ. ವಾರಗಟ್ಟಲೆ ನೆನೆಸಿದರೂ ಬಿಡಲಿಲ್ಲ ಎಂದು ಕೈಚೆಲ್ಲುವವರು ಮರೆಯುವುದು ಇದನ್ನೇ. ಎಂಜಿನ್ನನ್ನು ಗಾಡಿಯಿಂದ ಇಳಿಸಿ, ಸಿಲಿಂಡರಿನ ಬಾಯಿ ಆಕಾಶ ನೋಡುವಂತೆ ಮರದ ದಿಮ್ಮಿಗಳ ನಡುವೆ ಭದ್ರವಾಗಿ ನಿಲ್ಲಿಸಿ. ಪಿಸ್ಟನ್ನಿನ ಮೇಲೆ ಎರಡು ಬೆರಳೆತ್ತರ ಎಣ್ಣೆ ಸುರಿದು ಗುರುತು ಹಾಕಿ. ದಿನ ಕಳೆದಂತೆ ಮಟ್ಟ ಇಳಿಯುತ್ತಿದ್ದರೆ ಸಂತೋಷಪಡಿ: ಎಣ್ಣೆ ರಿಂಗು ದಾಟಿ ಹೋಗುತ್ತಿದೆ. ಅದು ಹೋಗುವುದು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ, ಹಾಗಾಗಿ ಕೊನೆಗೆ ಸಂಪಿನ ಎಣ್ಣೆ ಪೂರ್ತಿ ಬದಲಿಸಬೇಕು.

ಪಿಸ್ಟನ್ ತಳ್ಳುವ ಮೊದಲು, ಅದು ಹಾದುಹೋಗಬೇಕಾದ ಲೈನರಿನ ಭಾಗವನ್ನು ಎಣ್ಣೆ ಹಚ್ಚಿದ ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ ನಯ ಮಾಡಿ. ಇಲ್ಲದಿದ್ದರೆ ಬಿಟ್ಟ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ. ಬಳಿಕ ಪಿಸ್ಟನ್ನಿನ ತಲೆಗೆ ಹೊಂದುವ, ಆದರೆ ಲೈನರಿಗೆ ತಾಗದ ಗಟ್ಟಿ ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಬೇಕು. ಹೊಡೆಯುವುದಲ್ಲ, ತಟ್ಟುವುದು. ಇನ್ನೊಬ್ಬರು ಅದೇ ಹೊತ್ತಿಗೆ ಫ್ಲೈವೀಲನ್ನು ಹಿಂದೆಮುಂದೆ ಜಗ್ಗುತ್ತಿರಲಿ. ಆದರೆ ಪಿಸ್ಟನ್ ತೀರಾ ಮೇಲ್ತುದಿಯಲ್ಲೋ ಕೆಳತುದಿಯಲ್ಲೋ ನಿಂತಿದ್ದರೆ ತಟ್ಟಿ ಪ್ರಯೋಜನವಿಲ್ಲ. ಆಗ ಕನೆಕ್ಟಿಂಗ್ ರಾಡೂ ಕ್ರ್ಯಾಂಕೂ ಒಂದೇ ಗೆರೆಯಲ್ಲಿರುತ್ತವೆ, ಏಟೆಲ್ಲ ನೇರ ಬೇರಿಂಗಿಗೆ ಹೋಗುತ್ತದೆ, ಕ್ರ್ಯಾಂಕು ತಿರುಗುವುದಿಲ್ಲ. ಅಂಥ ಕಡೆ ಫ್ಲೈವೀಲಿನಿಂದಲೇ ನಿಧಾನಕ್ಕೆ ತಿರುಗಿಸಬೇಕು. ಹಾಗೆಂದು ಅದಕ್ಕೆ ಮಾರುದ್ದದ ಪೈಪು ಕಟ್ಟಿ ನೇತಾಡಿದರೆ ಬಗ್ಗುವುದು ಕನೆಕ್ಟಿಂಗ್ ರಾಡ್. ಫ್ಲೈವೀಲಿನ ಅಂಚಿಗೆ ಕಬ್ಬಿಣದ ಸುತ್ತಿಗೆ ತಾಗಿಸಲೇಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ನೀರು ನೇರ ತಾಗುವ ಲೈನರ್ ಇರುವ ಎಂಜಿನ್ನಾದರೆ ಇನ್ನೊಂದು ದಾರಿಯಿದೆ: ರಾಡಿನ ಕೆಳಗಿನ ಕ್ಯಾಪ್ ಬಿಚ್ಚಿ ಲೈನರು, ಪಿಸ್ಟನ್ನು ಎರಡನ್ನೂ ಒಟ್ಟಿಗೆ ಹೊರತೆಗೆದು ಪ್ರೆಸ್ಸಿನಲ್ಲಿ ಬೇರ್ಪಡಿಸುವುದು. ಬಿಟ್ಟ ಮೇಲೆ ಲೈನರಿನಲ್ಲಿ ಉಗುರಿಗೆ ಸಿಗುವ ಗುಳಿಗಳಿದ್ದರೆ ಹೊಸ ಲೈನರ್ ಹಾಕಿಸಿ, ಅಲ್ಲಿ ಉಳಿತಾಯ ಬೇಡ.

ಕಳಚಿದ ಸಣ್ಣ ಭಾಗಗಳ ತುಕ್ಕು ತೆಗೆಯಲು ಎರಡು ಸ್ನಾನಗಳಿವೆ. ಒಂದು ಕಾಕಂಬಿ. ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಂಪನಿಯಿದೆ, ಕಾಕಂಬಿಯ ವಾಸನೆ ಆ ಕಡೆಯವರಿಗೆ ನಾನು ಹೇಳಬೇಕಿಲ್ಲ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಮುಳುಗಿಸಿಟ್ಟರೆ ಒಂದೆರಡು ವಾರದಲ್ಲಿ ತುಕ್ಕು ಬಿಡುತ್ತದೆ, ಒಳ್ಳೆಯ ಕಬ್ಬಿಣಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ. ಮನೆಯಿಂದ ದೂರ ಇಡಿ, ಮನೆಯವರ ಸಹನೆಗೂ ಮಿತಿಯಿದೆ. ಇನ್ನೊಂದು ವಾಷಿಂಗ್ ಸೋಡಾ ಮತ್ತು 12 ವೋಲ್ಟಿನ ಬ್ಯಾಟರಿ ಚಾರ್ಜರ್. ಸೋಡಾ ನೀರಿನಲ್ಲಿ ಭಾಗವನ್ನು ಮುಳುಗಿಸಿ ನೆಗೆಟಿವ್ ತಂತಿ ಅದಕ್ಕೆ, ಪಾಸಿಟಿವ್ ಒಂದು ಹಳೆಯ ಕಬ್ಬಿಣದ ತುಂಡಿಗೆ. ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ, ಸೌಟು ಬಳಸಬೇಡಿ. ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಬಯಲಲ್ಲೇ ಮಾಡಿ, ಬೀಡಿ ದೂರ ಇರಲಿ. ಅಲ್ಯೂಮಿನಿಯಂ ಭಾಗಗಳನ್ನು ಎರಡಕ್ಕೂ ಹಾಕಬೇಡಿ.

ಡೀಸೆಲ್ ಪಂಪಿಗೆ ಮಾತ್ರ ಇದ್ಯಾವುದೂ ಸಲ್ಲದು. ಅದರ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದಿ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ, ಅವೆರಡೂ ಹುಟ್ಟಿನಿಂದಲೇ ಜೋಡಿ. ಬಿಚ್ಚದೆ ಪಂಪಿನ ಅಂಗಡಿಗೆ ಕೊಡಿ.

ಎಲ್ಲ ಜೋಡಿಸುವಾಗ ಪ್ರತಿ ಥ್ರೆಡ್ಡಿಗೂ ಗ್ರಾಫೈಟ್ ಗ್ರೀಸೋ ತಾಮ್ರದ ಗ್ರೀಸೋ ತೆಳುವಾಗಿ ಸವರಿ. ಮುಂದೊಮ್ಮೆ ಅದನ್ನು ಬಿಚ್ಚುವವರು ನಿಮ್ಮನ್ನು ಬೈಯದಿರಲಿ.

ಕೊನೆಗೆ ಸ್ಟಾರ್ಟ್ ಮಾಡುವ ದಿನ. ವರ್ಷಗಟ್ಟಲೆ ನಿಂತ ಡೀಸೆಲ್ ಪಂಪಿನಲ್ಲಿ ಡೀಸೆಲ್ಲಿನ ಪ್ರಮಾಣ ನಿಯಂತ್ರಿಸುವ ರ್‍ಯಾಕ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಹಿಡಿದುಕೊಂಡಿರಬಹುದು. ಆಗ ಎಂಜಿನ್ನು ಹೊತ್ತಿದ ಕ್ಷಣದಿಂದ ವೇಗ ಏರುತ್ತಲೇ ಹೋಗುತ್ತದೆ, ಆಕ್ಸಿಲರೇಟರ್ ಇಳಿಸಿದರೂ ಕೇಳುವುದಿಲ್ಲ. ಸಿಲಿಂಡರಿನಲ್ಲಿ ಉಳಿದ ಎಣ್ಣೆಯನ್ನೇ ಕುಡಿದು ಓಡುವುದೂ ಉಂಟು. ಪಂಪು ಕೂರಿಸುವ ಮೊದಲೇ ರ್‍ಯಾಕ್ ಬೆರಳಿಗೆ ಸರಾಗವಾಗಿ ಸರಿಯುತ್ತದೆಯೇ ನೋಡಿ. ಏರ್ ಕ್ಲೀನರ್ ಕಳಚಿಡಿ, ಗಾಳಿಯ ಬಾಯಿ ಪೂರ್ತಿ ಮುಚ್ಚುವಷ್ಟು ಅಗಲದ ದಪ್ಪ ಹಲಗೆಯೊಂದನ್ನು ಹಿಡಿದು ಒಬ್ಬರು ಪಕ್ಕದಲ್ಲಿ ನಿಲ್ಲಲಿ. ಗಾಳಿ ಕಟ್ಟಿದರೆ ಎಂಜಿನ್ನು ನಿಲ್ಲುತ್ತದೆ. ಅಂಗೈ ಇಡಬೇಡಿ, ಬಟ್ಟೆ ತುರುಕಬೇಡಿ, ಎರಡನ್ನೂ ಒಳಗೆಳೆದುಕೊಳ್ಳುವ ಶಕ್ತಿ ಅದಕ್ಕಿದೆ. ಫ್ಲೈವೀಲಿನ ನೇರಕ್ಕೆ ಯಾರೂ ನಿಲ್ಲಬೇಡಿ, ಮಕ್ಕಳನ್ನು ಜಗಲಿಗೆ ಕಳಿಸಿ. ಹಲಗೆ ಹಿಡಿದವರು ತಯಾರು ಎಂದ ಮೇಲೆ ಹ್ಯಾಂಡಲ್ ಹಾಕಿ.